ಹಳೆಯ ಕ್ಯಾಸೆಟ್ ಕಂಪನಿಯ ರಾಯಲ್ಟಿ ಲೆಕ್ಕಕ್ಕೆ ಯಾವ ತಂತ್ರಾಂಶ ಕೊಳ್ಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ತಂದೆಯವರು ನಡೆಸುತ್ತಿದ್ದ ಕ್ಯಾಸೆಟ್ ಕಂಪನಿಯ ಭಾವಗೀತೆ, ದಾಸರ ಪದ, ಜನಪದ ಗೀತೆಗಳ ಸುಮಾರು ಆರುನೂರು ಧ್ವನಿಮುದ್ರಣಗಳು ಈಗ ನಿಮ್ಮ ಹೆಸರಿಗೆ ಬಂದಿವೆ. ಯೂಟ್ಯೂಬ್, ಸ್ಪಾಟಿಫೈ, ಜಿಯೋಸಾವನ್‌ಗಳಲ್ಲಿ ಜನ ಕೇಳುತ್ತಿದ್ದಾರೆ, ಹಣ ಬರುತ್ತಿದೆ. ಗಾಯಕರಿಗೆ, ಸಂಯೋಜಕರಿಗೆ, ಕವಿಗಳ ಮನೆಯವರಿಗೆ ಆರು ತಿಂಗಳಿಗೊಮ್ಮೆ ಅವರ ಪಾಲಿನ, ಅಂದರೆ ರಾಯಲ್ಟಿಯ, ಲೆಕ್ಕ ಕೊಡಬೇಕು. ಎಕ್ಸೆಲ್‌ನಲ್ಲಿ ನಿಭಾಯಿಸಲು ಆಗುತ್ತಿಲ್ಲ, ಯಾವ ತಂತ್ರಾಂಶ ಕೊಳ್ಳಲಿ ಎಂದು ಕೇಳಿದ್ದೀರಿ.

ಬೆಂಗಳೂರಿನಲ್ಲಿ ಸಣ್ಣ ಸಂಗೀತ ಕಂಪನಿಗಳಿಗೆ ಇದೇ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ನನ್ನ ಸಲಹೆ ಒಂದೇ: ಆ ತಂತ್ರಾಂಶ ಕೊನೆಗೆ ಹೊರಗೆ ಕೊಡುವ ಸ್ಟೇಟ್‌ಮೆಂಟ್ ಹೇಗಿದೆ ಎಂಬುದನ್ನು ಮೊದಲು ನೋಡಿ, ಉಳಿದದ್ದೆಲ್ಲ ಆಮೇಲೆ. ಮಾರಾಟದವರು ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. ಅದು ನಿಮಗೆ ಚೆಂದ. ಆದರೆ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇರುವ ಕವಿಯ ಮಗಳ ಕೈಗೆ ಸಿಗುವುದು ಎರಡು ಪುಟದ ಪಿಡಿಎಫ್ ಮಾತ್ರ. ಈ ಹಣ ಯಾವ ಹಾಡಿನದು, ಯಾವ ತಿಂಗಳಿನದು, ಯಾವ ವೇದಿಕೆಯದು, ಅದರಲ್ಲಿ ತನ್ನ ಪಾಲು ಎಷ್ಟು, ಏನು ಕಡಿತವಾಯಿತು ಎಂಬುದೆಲ್ಲ ಅವರಿಗೆ ನಿಮಗೆ ಫೋನ್ ಮಾಡದೆ ತಿಳಿಯಬೇಕು. ಇಷ್ಟನ್ನು ಕೊಡಲಾರದ ತಂತ್ರಾಂಶ ಎಷ್ಟೇ ಹೆಸರುವಾಸಿಯಾಗಿದ್ದರೂ ನಿಮಗೆ ಬೇಡ.

ಹೆಸರುಗಳನ್ನು ಕೇಳಿದ್ದರಿಂದ ಹೇಳುತ್ತೇನೆ. ಲಂಡನ್ನಿನ ಕರ್ವ್, ಫ್ರಾನ್ಸಿನ ರೆಪರ್ಟ್ವಾರ್, ಅಮೆರಿಕದ ಇನ್‌ಫಿನಿಟ್ ಕ್ಯಾಟಲಾಗ್ ಇವು ಸಣ್ಣ ಮತ್ತು ಮಧ್ಯಮ ಕಂಪನಿಗಳು ಬಳಸುವಂಥವು. ದೊಡ್ಡ ಸಂಗೀತ ಪ್ರಕಾಶಕರು ಬಳಸುವ ಮ್ಯೂಸಿಕ್ ಮಾಸ್ಟ್ರೋದಂಥವು ನಿಮ್ಮ ಅಳತೆಗೆ ಮೀರಿದವು. ಹಾಡುಗಳನ್ನು ವೇದಿಕೆಗಳಿಗೆ ತಲುಪಿಸುವ ಡಿಸ್ಟ್ರೋಕಿಡ್‌ನಂಥ ವಿತರಕರು ತಮ್ಮಲ್ಲೇ ಪಾಲು ಹಂಚುವ ಸೌಲಭ್ಯ ಕೊಡುತ್ತಾರೆ. ಹೊಸ ಹುಡುಗರ ತಂಡಕ್ಕೆ ಅದು ಸಾಕು. ಆದರೆ ಪಾಲುದಾರರೆಲ್ಲ ಅಲ್ಲಿ ಸ್ವತಃ ಖಾತೆ ತೆರೆಯಬೇಕು, ಎಂಬತ್ತು ದಾಟಿದ ಗಾಯಕರಿಂದ ಅದನ್ನು ನಿರೀಕ್ಷಿಸುವುದು ಸರಿಯಲ್ಲ. ಮೇಲಾಗಿ ಆ ವಿತರಕರ ಮೂಲಕ ಬಂದ ಹಣವಷ್ಟೇ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಟೆಲಿಕಾಂ ಕಂಪನಿಗಳ ಕಾಲರ್ ಟ್ಯೂನ್ ಹಣ, ಧಾರಾವಾಹಿಯೊಂದಕ್ಕೆ ಹಾಡು ಕೊಟ್ಟ ಹಣ ಹೊರಗೇ ಉಳಿಯುತ್ತದೆ.

ಇನ್ನೊಂದು ವಿಷಯ ಗಮನದಲ್ಲಿರಲಿ. ಕರ್ವ್ ಸಂಸ್ಥೆ ಡೌನ್‌ಟೌನ್ ಎಂಬ ಅಮೆರಿಕದ ಕಂಪನಿಯ ಒಡೆತನಕ್ಕೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಯೂನಿವರ್ಸಲ್ ಮ್ಯೂಸಿಕ್‌ನ ವರ್ಜಿನ್ ಮ್ಯೂಸಿಕ್ ಗ್ರೂಪ್ 77.5 ಕೋಟಿ ಡಾಲರಿಗೆ ಆ ಡೌನ್‌ಟೌನನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಕರ್ವ್ ಮೂಲಕ ಪ್ರತಿಸ್ಪರ್ಧಿಗಳ ವ್ಯವಹಾರದ ಮಾಹಿತಿ ಯೂನಿವರ್ಸಲ್ ಕೈಗೆ ಸಿಗಬಹುದು ಎಂಬುದು ಈ ಖರೀದಿಯ ಬಗ್ಗೆ ಐರೋಪ್ಯ ಒಕ್ಕೂಟದ ಆಯೋಗ ಎತ್ತಿದ ಆಕ್ಷೇಪಗಳಲ್ಲಿ ಒಂದು. ನಿಮ್ಮ ಗಾಯಕರಿಗೆ ಎಷ್ಟು ಶೇಕಡಾ ಕೊಡುತ್ತೀರಿ, ಯಾವ ಹಾಡು ಎಷ್ಟು ಗಳಿಸುತ್ತದೆ ಎಂಬುದೆಲ್ಲ ಇಂಥ ತಂತ್ರಾಂಶದೊಳಗೆ ಇರುತ್ತದೆ. ಆದ್ದರಿಂದ ಯಾವುದನ್ನೇ ಕೊಂಡರೂ ಒಡೆಯರು ಯಾರು ಎಂದು ವಿಚಾರಿಸಿ. ಬಿಟ್ಟು ಹೋಗುವ ದಿನ ನಿಮ್ಮ ದತ್ತಾಂಶವನ್ನು ಪೂರ್ತಿಯಾಗಿ ಸಿಎಸ್‌ವಿ (ಯಾವ ತಂತ್ರಾಂಶವೂ ಓದಬಲ್ಲ ಸರಳ ಪಟ್ಟಿ) ಕಡತಗಳಲ್ಲಿ ಮರಳಿ ಕೊಡುವುದಾಗಿ ಬರೆಸಿಕೊಳ್ಳಿ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ತಂತ್ರಾಂಶ ಗುಣಿಸುತ್ತದೆ, ಕೂಡುತ್ತದೆ. ವೇದಿಕೆಗಳಿಂದ ಬರುವ ಆದಾಯದ ವರದಿಯಲ್ಲಿ ಯಾವ ಸಾಲು ಯಾವ ಹಾಡಿಗೆ ಸೇರಿದ್ದು ಎಂಬುದನ್ನು ನೀವೇ ಹೇಳಿಕೊಡಬೇಕು. ಅದಕ್ಕೆ ಆಧಾರ ಐಎಸ್‌ಆರ್‌ಸಿ, ಪ್ರತಿ ಧ್ವನಿಮುದ್ರಣಕ್ಕೂ ಇರುವ ಹನ್ನೆರಡು ಅಕ್ಷರ-ಅಂಕಿಗಳ ಸಂಕೇತ. ನಮ್ಮ ದೇಶದಲ್ಲಿ ಇದರ ನೋಂದಣಿ ನೋಡಿಕೊಳ್ಳುವುದು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಸ್ಥೆ. ಹಳೆಯ ಕಂಪನಿಗಳಲ್ಲಿ ನಾನು ಪದೇ ಪದೇ ಕಾಣುವ ತೊಡಕು ಇದು: ಒಬ್ಬ ವಿತರಕರನ್ನು ಬಿಟ್ಟು ಇನ್ನೊಬ್ಬರ ಬಳಿ ಹೋದಾಗ ಹಳೆಯ ಸಂಕೇತವನ್ನು ಕೊಡದೆ ಹೊಸದನ್ನು ಪಡೆದಿರುತ್ತಾರೆ. ಒಂದೇ ಧ್ವನಿಮುದ್ರಣಕ್ಕೆ ಎರಡು ಸಂಕೇತ. ಅರ್ಧ ಹಣ ಗಾಯಕರ ಲೆಕ್ಕಕ್ಕೆ ಬರುತ್ತದೆ, ಉಳಿದರ್ಧ ಗುರುತಿಲ್ಲದ ಸಾಲಾಗಿ ಬಿದ್ದಿರುತ್ತದೆ.

ಹೆಸರಿನ ಮೇಲೆ ಹೊಂದಿಸಲು ಹೋದರಂತೂ ಮುಗಿಯುವುದೇ ಇಲ್ಲ. ಒಂದು ವರದಿಯಲ್ಲಿ ಡಿ.ಆರ್. ಬೇಂದ್ರೆ, ಇನ್ನೊಂದರಲ್ಲಿ ದ.ರಾ. ಬೇಂದ್ರೆ, ಮತ್ತೊಂದರಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಎಲ್ಲೋ ಒಂದು ಕಡೆ ಅಂಬಿಕಾತನಯದತ್ತ. ಇವೆಲ್ಲ ಒಬ್ಬರೇ ಎಂದು ಕನ್ನಡಿಗರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ ಕೊಟ್ಟು, ಅವರ ಎಲ್ಲ ಹೆಸರುಗಳನ್ನೂ ಆ ಸಂಖ್ಯೆಗೆ ಸೇರಿಸುವ ಅವಕಾಶ ತಂತ್ರಾಂಶದಲ್ಲಿ ಇದೆಯೇ ಎಂದು ಕೇಳಿ. ವರದಿಗಳನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿ, ಆಮೇಲೆ ತಂತ್ರಾಂಶಕ್ಕೆ ಏರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆಲ್ಬಮ್ಮಿನ ಹದಿಮೂರು ಅಂಕಿಯ ಬಾರ್‌ಕೋಡ್ ಸಂಖ್ಯೆಯನ್ನು ಎಕ್ಸೆಲ್ 8.9ಇ+12 ಎಂದು ಕುಗ್ಗಿಸುತ್ತದೆ, ಕನ್ನಡ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಬಿಡುತ್ತವೆ. ಬಂದ ಕಡತ ಬಂದ ಹಾಗೆಯೇ ಒಳಗೆ ಹೋಗಬೇಕು.

ಪೈಸೆಯ ವಿಚಾರದಲ್ಲೂ ಎಚ್ಚರ ಬೇಕು. ವರದಿಯ ಒಂದು ಸಾಲಿನಲ್ಲಿ 0.0043 ರೂಪಾಯಿ ಇರಬಹುದು. ಪ್ರತಿ ಸಾಲನ್ನೂ ಎರಡು ದಶಮಾಂಶಕ್ಕೆ ಇಳಿಸಿದರೆ ಅದು ಸೊನ್ನೆ. ಇಂಥ ಲಕ್ಷಾಂತರ ಸಾಲುಗಳು ಸೊನ್ನೆಯಾದರೆ ಹೋಗುವುದು ಗಾಯಕರ ಹಣ. ಸರಿಯಾದ ತಂತ್ರಾಂಶ ಕೊನೆಯ ಮೊತ್ತದಲ್ಲಿ ಮಾತ್ರ ಪೈಸೆಗೆ ಇಳಿಸುತ್ತದೆ.

ಕಾನೂನಿನ ಭಾಗ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ವಾರಸುದಾರರಿಗೆ ಅಥವಾ ಕರ್ತೃಗಳ ಪರವಾಗಿ ಹಣ ಸಂಗ್ರಹಿಸುವ ಕೃತಿಸ್ವಾಮ್ಯ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಕವಿಯೋ ಸಂಯೋಜಕರೋ ಐಪಿಆರ್‌ಎಸ್ ಎಂಬ ಅಂಥ ಸೊಸೈಟಿಯ ಸದಸ್ಯರಾಗಿದ್ದರೆ ಸಾರ್ವಜನಿಕ ಪ್ರಸಾರದ ಪಾಲು ಅಲ್ಲಿಂದ ನೇರವಾಗಿ ಅವರಿಗೆ ಹೋಗುತ್ತದೆ. ಯಾರು ಸದಸ್ಯರು, ಯಾರು ಅಲ್ಲ ಎಂಬುದನ್ನು ತಂತ್ರಾಂಶದಲ್ಲಿ ಗುರುತಿಸದಿದ್ದರೆ ಒಬ್ಬರಿಗೆ ಎರಡು ಸಲ ಹೋಗುತ್ತದೆ, ಇನ್ನೊಬ್ಬರಿಗೆ ಏನೂ ಹೋಗುವುದಿಲ್ಲ.

ತಂದೆಯವರ ಕಾಲದ ಒಪ್ಪಂದಗಳನ್ನು ಒಂದೊಂದಾಗಿ ತೆರೆದು ಓದಿ. ಕಾಯ್ದೆಯ 1994ರ ತಿದ್ದುಪಡಿ ಜಾರಿಯಾದ ಮೇಲೆ ಆದ ಹಕ್ಕು ವರ್ಗಾವಣೆಯಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದೇ ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಅದು ಭಾರತಕ್ಕೆ ಮಾತ್ರ. ನಿಮ್ಮ ವರದಿಗಳಲ್ಲಿ ಅಮೆರಿಕ, ಕೊಲ್ಲಿ ರಾಷ್ಟ್ರಗಳ ಕನ್ನಡಿಗರು ಕೇಳಿದ ಸಾಲುಗಳು ಖಂಡಿತ ಇರುತ್ತವೆ. ಆ ಹಣಕ್ಕೆ ನಿಮಗೆ ಹಕ್ಕಿದೆಯೇ ಎಂಬ ಪ್ರಶ್ನೆಗೆ ಉತ್ತರ ಒಪ್ಪಂದದ ಹಾಳೆಯಲ್ಲಿದೆ. ತಂತ್ರಾಂಶದಲ್ಲಿ ಪ್ರತಿ ಒಪ್ಪಂದಕ್ಕೂ ಪ್ರದೇಶ ಮತ್ತು ಕೊನೆಯ ದಿನಾಂಕ ತುಂಬುವ ಜಾಗ ಇರಲೇಬೇಕು. ಅನುಮಾನವಿರುವವುಗಳನ್ನು ವಕೀಲರಿಗೆ ತೋರಿಸಿ, ಅಲ್ಲಿಯವರೆಗೆ ಆ ಹಣವನ್ನು ಬೇರೆಯಾಗಿ ಇಡಿ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಸಾಹಿತ್ಯದ ಕೃತಿಸ್ವಾಮ್ಯ 2041ರ ಕೊನೆಯವರೆಗೂ ಇದೆ. ಪುರಂದರದಾಸರ ಪದಕ್ಕೆ ಸಾಹಿತ್ಯದ ಪಾಲಿಲ್ಲ, ಆದರೆ ಅದಕ್ಕೆ ಹೊಸದಾಗಿ ರಾಗ ಹಾಕಿದ ಸಂಯೋಜಕರ ಪಾಲು ಇದ್ದೇ ಇದೆ. ‘ಸಾಂಪ್ರದಾಯಿಕ’ ಎಂದು ಒಂದೇ ಪದ ಬರೆದು ಆ ಸಂಯೋಜಕರನ್ನು ಮರೆತಿರುವ ಪಟ್ಟಿಗಳನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಹೊರದೇಶದ ತಂತ್ರಾಂಶಗಳು ಎಡವುವುದು ನಮ್ಮ ತೆರಿಗೆಯಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಗಾಯಕಿಯೊಬ್ಬರಿಗೆ ನಿವ್ವಳ ಆದಾಯದ ಶೇ 20 ಪಾಲು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಹಾಡುಗಳಿಂದ ನಿಮಗೆ ಬಂದದ್ದು 1,84,000 ರೂಪಾಯಿ, ಪಾಲು 36,800. ಹಿಂದೆ ಕೊಟ್ಟ ಮುಂಗಡದಲ್ಲಿ 9,000 ಬಾಕಿ ಇದೆ, ಅದು ವಜಾ. ಕೊಡಬೇಕಾದದ್ದು 27,800. ಮುಂದಿನ ಆರು ತಿಂಗಳಿಗೆ ಅವರ ಪಾಲು 30,000 ಆಯಿತು ಎನ್ನೋಣ. ಭಾರತದ ನಿವಾಸಿಗಳಿಗೆ ಕೊಡುವ ರಾಯಲ್ಟಿಗೆ ಶೇ 10 ಟಿಡಿಎಸ್ (ಕೊಡುವವರೇ ಕಡಿದು ಕಟ್ಟುವ ಆದಾಯ ತೆರಿಗೆ) ಇದೆ, 2025ರ ಏಪ್ರಿಲ್ 1ರಿಂದ ಅದರ ಮಿತಿ ವರ್ಷಕ್ಕೆ 50,000 ರೂಪಾಯಿ. ಮೊದಲ ಕಂತಿನಲ್ಲಿ ಕಡಿಯದೆ ಬಿಟ್ಟಿದ್ದರೆ ಈಗ ಎರಡೂ ಸೇರಿ 57,800 ಆಗಿ ಮಿತಿ ದಾಟಿತು, ಆದ್ದರಿಂದ ಪೂರ್ತಿ ಮೊತ್ತದ ಮೇಲೆ 5,780 ಕಡಿಯಬೇಕು. ಗಾಯಕಿಯ ಖಾತೆಗೆ ಹೋಗುವುದು 24,220. ಪ್ಯಾನ್ ಸಂಖ್ಯೆ ಇಲ್ಲದಿದ್ದರೆ ಶೇ 20. ಎರಡನೆಯ ಸ್ಟೇಟ್‌ಮೆಂಟಿನಲ್ಲಿ ಈ ವಿವರಣೆ ಇಲ್ಲದೆ ಬರೀ 24,220 ಎಂದಿದ್ದರೆ ಆಕೆ ಏನೆಂದುಕೊಳ್ಳಬೇಕು? ಕಡಿತಕ್ಕೆ ಕಾರಣ ಬರೆಯುವ ಸಾಲು ಇರುವ, ಆರಂಭದ ಬಾಕಿಯಿಂದ ಕೊನೆಯ ಬಾಕಿಯವರೆಗೆ ಒಂದೇ ಪುಟದಲ್ಲಿ ತೋರಿಸುವ ನಮೂನೆಯನ್ನೇ ಕೇಳಿ ಪಡೆಯಿರಿ. ಸಂಗೀತ ಸಂಯೋಜಕರಿಂದ ಹಕ್ಕು ಪಡೆಯುವ ಕಂಪನಿಯೇ ರಿವರ್ಸ್ ಚಾರ್ಜ್ ಪ್ರಕಾರ ಜಿಎಸ್‌ಟಿ ಕಟ್ಟಬೇಕಾಗುತ್ತದೆ ಎಂಬುದನ್ನೂ ನಿಮ್ಮ ಲೆಕ್ಕ ಪರಿಶೋಧಕರಿಗೆ ನೆನಪಿಸಿ. ಇದು ತಂತ್ರಾಂಶದ ಹೊರಗಿನ ಲೆಕ್ಕ.

ಡಾಲರ್‌ನಲ್ಲಿ ಬರುವ ವರದಿಗಳಿಗೆ ಅಂತರಜಾಲದಲ್ಲಿ ಕಂಡ ದರ ಹಾಕಬೇಡಿ. ಬ್ಯಾಂಕಿಗೆ ನಿಜವಾಗಿ ಜಮೆಯಾದ ರೂಪಾಯಿಯನ್ನು ವರದಿಯ ಡಾಲರ್‌ನಿಂದ ಭಾಗಿಸಿ ಬಂದ ದರವನ್ನೇ ದಾಖಲಿಸಿ.

ಪ್ರಯೋಗಕ್ಕೆ ಕೊಡುವವರ ಬಳಿ ನಿಮ್ಮದೇ ಕಳೆದ ಆರು ತಿಂಗಳ ವರದಿಗಳನ್ನು ಏರಿಸಿ ನೋಡಿ, ಅವರ ಮಾದರಿ ಕಡತ ಬೇಡ. ಒಳಗೆ ಹೋದ ಮೊತ್ತ, ಪಾಲುದಾರರಿಗೆ ಹೋದದ್ದು, ಕಂಪನಿಗೆ ಉಳಿದದ್ದು, ಗುರುತು ಸಿಗದ ಸಾಲುಗಳು, ಈ ಕೊನೆಯ ಮೂರೂ ಸೇರಿ ಮೊದಲನೆಯದಕ್ಕೆ ಪೈಸೆಗೆ ಪೈಸೆ ಸರಿಹೊಂದಬೇಕು. ಆಮೇಲೆ ಒಂದು ಸ್ಟೇಟ್‌ಮೆಂಟನ್ನು ಕನ್ನಡದಲ್ಲಿ ತೆಗೆಯಿರಿ. ಅನೇಕ ತಂತ್ರಾಂಶಗಳು ಪರದೆಯ ಮೇಲೆ ಕನ್ನಡವನ್ನು ಸರಿಯಾಗಿ ತೋರಿಸಿ, ಪಿಡಿಎಫ್ ಮಾಡುವಾಗ ಒತ್ತಕ್ಷರಗಳನ್ನು ಒಡೆದು ಹಾಕುತ್ತವೆ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ ಎಂದು ಹಾಕಿ ನೋಡಿ. ‘ಕ್ಷ್ಮೀ’ ಬಿಡಿಬಿಡಿಯಾಗಿ ಬಿದ್ದರೆ ಆ ಕಂಪನಿಗೆ ಪತ್ರ ಬರೆದು ಸರಿಪಡಿಸುತ್ತೀರಾ ಎಂದು ಕೇಳಿ. ಆಗುವುದಿಲ್ಲ ಎಂದರೆ ಅಂಕಿಗಳನ್ನು ಸಿಎಸ್‌ವಿಯಲ್ಲಿ ಹೊರತೆಗೆದು, ಸ್ಟೇಟ್‌ಮೆಂಟನ್ನು ನಿಮ್ಮದೇ ಕನ್ನಡ ನಮೂನೆಯಲ್ಲಿ ಮುದ್ರಿಸಿ. ಕವಿಯ ಹೆಸರು ಅವರ ಮನೆಗೆ ಹೋಗುವ ಕಾಗದದಲ್ಲಿ ತಪ್ಪಾಗಿರಬಾರದು, ಇದರಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ನಿಮ್ಮ ಅಳತೆಗೆ ನಾನಾಗಿದ್ದರೆ ರೆಪರ್ಟ್ವಾರ್ ಮತ್ತು ಇನ್‌ಫಿನಿಟ್ ಕ್ಯಾಟಲಾಗ್ ಎರಡನ್ನೂ ಹೀಗೆ ಪರೀಕ್ಷಿಸಿ ಒಂದನ್ನು ಆರಿಸುತ್ತಿದ್ದೆ. ಶುಲ್ಕ ಹಾಡುಗಳ ಸಂಖ್ಯೆಯ ಮೇಲೋ, ಆದಾಯದ ಮೇಲೋ, ಪಾಲುದಾರರ ಸಂಖ್ಯೆಯ ಮೇಲೋ ಎಂದು ಮೊದಲೇ ಕೇಳಿಕೊಳ್ಳಿ. ಹಾಡು ಹೆಚ್ಚು, ಆದಾಯ ಕಡಿಮೆ ಇರುವ ನಿಮ್ಮಂಥ ಕಂಪನಿಗೆ ಈ ಒಂದು ಪ್ರಶ್ನೆಯಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ಕೊಂಡ ಮೇಲೂ ಎರಡು ಅವಧಿಗಳವರೆಗೆ ಎಕ್ಸೆಲ್ ಲೆಕ್ಕವನ್ನು ಪಕ್ಕದಲ್ಲಿ ನಡೆಸಿ, ಎರಡರ ಅಂಕಿಗಳನ್ನೂ ತಾಳೆ ನೋಡಿ. ಆಯ್ಕೆ ಮಾಡುವ ಮೊದಲು ಒಪ್ಪಂದಗಳ ಪಟ್ಟಿಯನ್ನು ಇಲ್ಲಿ ಹಾಕಿದರೆ ಅದರ ಅಂಕಣಗಳು ಸರಿ ಇವೆಯೇ ಎಂದು ನೋಡಿ ಹೇಳುತ್ತೇನೆ. ಹೆಸರು, ಮೊತ್ತಗಳನ್ನು ಮಾತ್ರ ಮೊದಲೇ ಅಳಿಸಿರಿ.