ಅಪ್ಪ ಶುರು ಮಾಡಿದ ಡೊಂಬಿವಲಿ ಹೋಟೆಲ್ ಮುಚ್ಚಲಾ?

ಮುಂಬೈನ ಮಾಟುಂಗಾದಲ್ಲೊಂದು, ಡೊಂಬಿವಲಿಯಲ್ಲೊಂದು, ನಿಮ್ಮ ಎರಡು ಹೋಟೆಲಿಗೂ ಒಂದೇ ಗಲ್ಲಾ ಅಂದಿರಿ, ತೊಂದರೆ ಇರೋದು ಅಲ್ಲೇ ಅನಿಸುತ್ತದೆ. ಮಾಟುಂಗಾದ ಲಾಭ ಡೊಂಬಿವಲಿಯ ನಷ್ಟವನ್ನು ಮುಚ್ಚುತ್ತಿದೆ, ಅದಕ್ಕೇ ಅಪ್ಪನಿಗೆ "ಹೇಗೋ ನಡೀತಿದೆ" ಅನಿಸುವುದು. ನಮ್ಮಲ್ಲೂ ಹೀಗೇ ಇತ್ತು. ದೊಡ್ಡ ಹೋಟೆಲಿಂದ ಚಿಕ್ಕದಕ್ಕೆ ದೋಸೆ ಹಿಟ್ಟು ದಿನಾ ಬೆಳಿಗ್ಗೆ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಹೋಗುತ್ತಿತ್ತು, ಅಕ್ಕಿ, ಉದ್ದು, ರುಬ್ಬುವ ಹುಡುಗನ ಸಂಬಳ ಎಲ್ಲಾ ದೊಡ್ಡ ಹೋಟೆಲಿನ ಲೆಕ್ಕಕ್ಕೇ ಬೀಳುತ್ತಿತ್ತು.

ಮೊದಲು ಮೂರು ತಿಂಗಳ ಲೆಕ್ಕ ಬೇರೆ ಮಾಡಿ. ಬಾಡಿಗೆ, ಗ್ಯಾಸ್, ಕರೆಂಟ್, ಹುಡುಗರ ಊಟ ಮತ್ತು ರೂಮು, ಜೊತೆಗೆ ನೀವು ಅಲ್ಲಿ ಕೂರುವ ಹೊತ್ತಿಗೂ ಒಂದು ಸಂಬಳ ಹಾಕಿ. ಇದುವರೆಗೆ ಸುರಿದ ದುಡ್ಡನ್ನು ಲೆಕ್ಕಕ್ಕೆ ತರಬೇಡಿ, ಮುಚ್ಚಿದರೂ ಬಿಟ್ಟರೂ ಅದು ಹೋಯಿತು.

ಆಮೇಲೆ ಲೀವ್ ಅಂಡ್ ಲೈಸೆನ್ಸ್ ಕಾಗದ (ಜಾಗದ ಬಾಡಿಗೆ ಕರಾರು) ತೆಗೆದು ಲಾಕ್-ಇನ್ (ನಡುವೆ ಬಿಡಲಾಗದ ಅವಧಿ) ಎಷ್ಟು, ನೋಟಿಸ್ ಎಷ್ಟು, ಡಿಪಾಸಿಟ್ ಯಾವಾಗ ವಾಪಸ್ ಅಂತ ನೋಡಿ. ಲಾಕ್-ಇನ್ ಬಾಕಿ ಇದ್ದರೆ ಸುಮ್ನೆ ಬೀಗ ಹಾಕುವುದಕ್ಕಿಂತ ಕಂಡಕ್ಟಿಂಗ್‌ಗೆ, ಅಂದರೆ ತಿಂಗಳಿಗಿಷ್ಟು ಅಂತ ಬೇರೆಯವರಿಗೆ ನಡೆಸಲು, ಕೊಡುವುದು ಲಾಭವಾಗಬಹುದು. ಆದರೆ ಅದಕ್ಕೆ ಜಾಗದ ಮಾಲೀಕರ ಒಪ್ಪಿಗೆ ಬರಹದಲ್ಲೇ ಇರಲಿ, ಬಾಯಿಮಾತು ಬೇಡ.

ಮುಚ್ಚುವುದೇ ಆದರೆ, 5 ವರ್ಷ ಮುಗಿಸಿದ ಹುಡುಗರ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡಬೇಕಾದ ಇಡುಗಂಟು) ಮೊದಲು ತೆಗೆದಿಡಿ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. ಜಿಎಸ್‌ಟಿ ನೋಂದಣಿಯಿಂದ ಡೊಂಬಿವಲಿಯ ವಿಳಾಸವನ್ನು ಮುಚ್ಚಿದ 15 ದಿನದೊಳಗೆ ತೆಗೆಸಿ.

ಅಪ್ಪನ ಹತ್ತಿರ ವಾದ ಬೇಡ. ಮೂರು ತಿಂಗಳ ಹಾಳೆ ಅವರ ಮುಂದಿಟ್ಟು, ಮುಂದಿನ ತಿಂಗಳ ಬಾಡಿಗೆ ಎಲ್ಲಿಂದ ಕೊಡೋಣ ಅಂತ ಅವರನ್ನೇ ಕೇಳಿ.