ಒಂದೇ ತಂಡದ ಇಬ್ಬರು ರಿಸೀವರ್‌ಗಳಲ್ಲಿ ಯಾರನ್ನು ಆಡಿಸಲಿ?

ಅಮೆರಿಕದ ಎನ್‌ಎಫ್‌ಎಲ್ ಫ್ಯಾಂಟಸಿ ಲೀಗ್ (ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಪಂದ್ಯದಲ್ಲಿ ಅವರ ಸಾಧನೆಗೆ ತಕ್ಕಂತೆ ಅಂಕ ಗಳಿಸುವ ಆಟ) ಆಡುವ ಓದುಗರು ಈ ಬಾರಿ ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೊಂದಲದವು. ಒಬ್ಬನೇ ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡಿಗೆ ಕಾಯುವ ಇಬ್ಬರು ವೈಡ್ ರಿಸೀವರ್‌ಗಳಲ್ಲಿ ಯಾರನ್ನು ಕೊಳ್ಳುವುದು, ಯಾರನ್ನು ಬೆಂಚಿನಲ್ಲಿ ಕೂರಿಸುವುದು? ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮದು 12 ಜನರ ಲೀಗ್, ಪೂರ್ತಿ ಪಿಪಿಆರ್ (ಪ್ರತಿ ಕ್ಯಾಚ್‌ಗೂ ಒಂದು ಅಂಕ). ಮೊದಲ ಸುತ್ತಿನಲ್ಲಿ ಸಿನ್ಸಿನಾಟಿ ಬೆಂಗಲ್ಸ್‌ನ ಜಮಾರ್ ಚೇಸ್ ಸಿಕ್ಕರೆ, ಮುಂದೆ ಅದೇ ತಂಡದ ಟೀ ಹಿಗಿನ್ಸ್ ಅವರನ್ನೂ ತಗೊಳ್ಳಬಹುದಾ? ಒಬ್ಬರ ಅಂಕವನ್ನು ಇನ್ನೊಬ್ಬರು ತಿಂದುಹಾಕುವುದಿಲ್ಲವಾ? (ನ್ಯೂ ಜೆರ್ಸಿ)

ತಿನ್ನುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪಾಲು ಎಷ್ಟು ಎಂದು ಕೇಳುವ ಮೊದಲು ಒಟ್ಟು ಎಷ್ಟಿದೆ ಎಂದು ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

2024ರ ಋತುವನ್ನೇ ತಗೊಳ್ಳಿ. ಬೆಂಗಲ್ಸ್ ಕ್ವಾರ್ಟರ್‌ಬ್ಯಾಕ್ ಜೋ ಬರೋ ಒಬ್ಬರೇ 652 ಬಾರಿ ಚೆಂಡು ಎಸೆದರು. ಫಿಲಡೆಲ್ಫಿಯಾ ಈಗಲ್ಸ್ ಇಡೀ ತಂಡವಾಗಿ ಎಸೆದದ್ದು 448 ಬಾರಿ, ಇಡೀ ಲೀಗ್‌ನಲ್ಲೇ ಅತಿ ಕಡಿಮೆ. ಈಗಲ್ಸ್ ಬಳಿ ಆ ವರ್ಷ 2,005 ಯಾರ್ಡ್ ಓಡಿದ ಸೇಕ್ವಾನ್ ಬಾರ್ಕ್ಲಿ ಇದ್ದರು, ರಕ್ಷಣಾ ಪಡೆಯೂ ಗಟ್ಟಿ. ಮುನ್ನಡೆ ಸಿಕ್ಕಮೇಲೆ ಚೆಂಡು ಎಸೆಯುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ. ಬೆಂಗಲ್ಸ್ ರಕ್ಷಣೆ ಸೋರುತ್ತಿತ್ತು, ಹಾಗಾಗಿ ನಾಲ್ಕನೇ ಕ್ವಾರ್ಟರ್‌ವರೆಗೂ ಎಸೆಯಲೇಬೇಕಿತ್ತು.

ಇದರ ಫಲ ನೋಡಿ. ಬೆಂಗಲ್ಸ್‌ನ ಎರಡನೇ ರಿಸೀವರ್ ಹಿಗಿನ್ಸ್ ಅವರತ್ತ 12 ಪಂದ್ಯಗಳಲ್ಲಿ 109 ಚೆಂಡು ಬಂತು, ಅಂದರೆ ಪಂದ್ಯಕ್ಕೆ 9ರಷ್ಟು ಟಾರ್ಗೆಟ್. ಈಗಲ್ಸ್‌ನ ಮೊದಲನೇ ರಿಸೀವರ್ ಎ.ಜೆ. ಬ್ರೌನ್ ಅವರಿಗೆ 13 ಪಂದ್ಯಗಳಲ್ಲಿ 97, ಪಂದ್ಯಕ್ಕೆ ಏಳೂವರೆ. ಪೂರ್ತಿ ಪಿಪಿಆರ್ ಲೆಕ್ಕದಲ್ಲಿ ಹಿಗಿನ್ಸ್ ಪಂದ್ಯಕ್ಕೆ 18.7 ಅಂಕ ತಂದರು, ಬ್ರೌನ್ 16.7. ಚೇಸ್ ಅವರಂತೂ 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್‌ಗಳೊಂದಿಗೆ ಮೂರರಲ್ಲೂ ಲೀಗ್‌ಗೇ ಮೊದಲಿಗರು. ಅವರ ಪಕ್ಕದಲ್ಲೇ ನಿಂತು ಹಿಗಿನ್ಸ್ ಅಷ್ಟು ಗಳಿಸಿದರು.

ಹಾಗಾಗಿ ಇಬ್ಬರನ್ನೂ ತಗೊಳ್ಳಬಹುದು, ಆದರೆ ಬೆಲೆ ನೋಡಿ. ಹಿಗಿನ್ಸ್ ಸಿಗುವ ಸುತ್ತಿನಲ್ಲಿ ಬೇರೆ ತಂಡದ ಅಷ್ಟೇ ಒಳ್ಳೆಯ ರಿಸೀವರ್ ಉಳಿದಿದ್ದರೆ ಅವರನ್ನೇ ಆರಿಸಿ. ಬೈ ವೀಕ್ (ತಂಡಕ್ಕೆ ಪಂದ್ಯವಿಲ್ಲದ ವಾರ) ಒಂದೇ ಆಗುತ್ತದೆ ಎಂಬುದು ಇದಕ್ಕೆ ಕಾರಣವಲ್ಲ, ಒಂದು ವಾರ ಸೋತರೆ ಆಕಾಶವೇನೂ ಬೀಳುವುದಿಲ್ಲ. ಭಯವಿರುವುದು ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ. 2025ರ ಎರಡನೇ ಪಂದ್ಯದಲ್ಲೇ ಬರೋ ಅವರ ಕಾಲ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು, ಇಬ್ಬರನ್ನೂ ಇಟ್ಟುಕೊಂಡವರ ಎರಡು ಸ್ಥಾನಗಳು ಒಟ್ಟಿಗೇ ಅಲುಗಾಡಿದವು. ಒಬ್ಬರೇ ಇದ್ದಿದ್ದರೆ ಒಂದು ಮಾತ್ರ ಅಲುಗಾಡುತ್ತಿತ್ತು.

ಪ್ರಶ್ನೆ: ಕಚೇರಿಯ ಲೀಗ್‌ನಲ್ಲಿ ಕ್ಯಾಚ್‌ಗೆ ಅಂಕವಿಲ್ಲ, ಗೆಳೆಯರ ಲೀಗ್‌ನಲ್ಲಿ ಒಂದು ಕ್ಯಾಚ್‌ಗೆ ಒಂದು ಅಂಕ. ಎರಡಕ್ಕೂ ಒಂದೇ ಪಟ್ಟಿ ಹಿಡಿದುಕೊಂಡು ಡ್ರಾಫ್ಟ್ (ಸರದಿಯಂತೆ ಆಟಗಾರರ ಆಯ್ಕೆ) ಮಾಡಿದರೆ ಏನಾದರೂ ತಪ್ಪಾ? (ಡಲ್ಲಾಸ್)

ತಪ್ಪೇ. ಒಂದೇ ತಂಡದ ಇಬ್ಬರಲ್ಲಿ ಯಾರು ಮೇಲು ಎಂಬುದು ಅಂಕದ ನಿಯಮ ಬದಲಾದರೆ ತಲೆಕೆಳಗಾಗಬಹುದು. 2022ರ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಡಿಯಾಂಟೆ ಜಾನ್ಸನ್ 86 ಕ್ಯಾಚ್ ಹಿಡಿದು 882 ಯಾರ್ಡ್ ಗಳಿಸಿದರು, ಟಚ್‌ಡೌನ್ ಸೊನ್ನೆ. ಅದೇ ತಂಡದ ಹೊಸಬ ಜಾರ್ಜ್ ಪಿಕೆನ್ಸ್ 52 ಕ್ಯಾಚ್, 801 ಯಾರ್ಡ್, 4 ಟಚ್‌ಡೌನ್.

10 ಯಾರ್ಡ್‌ಗೆ ಒಂದು, ಟಚ್‌ಡೌನ್‌ಗೆ ಆರು ಎಂಬ ಸಾಮಾನ್ಯ ಲೆಕ್ಕವಿಟ್ಟು, ಹಿಡಿದ ಚೆಂಡುಗಳನ್ನಷ್ಟೇ ಎಣಿಸೋಣ. ಕ್ಯಾಚ್‌ಗೆ ಅಂಕವಿಲ್ಲದ ಲೀಗ್‌ನಲ್ಲಿ ಜಾನ್ಸನ್ 88.2, ಪಿಕೆನ್ಸ್ 104.1. ಕ್ಯಾಚ್‌ಗೆ ಅರ್ಧ ಅಂಕವಿದ್ದರೆ 131.2 ಮತ್ತು 130.1, ಹೆಚ್ಚುಕಡಿಮೆ ಸಮ. ಒಂದು ಅಂಕವಿದ್ದರೆ 174.2 ಮತ್ತು 156.1, ಜಾನ್ಸನ್ ಮುಂದೆ. ಆಟಗಾರರು ಅವರೇ, ಋತು ಅದೇ, ಉತ್ತರ ಮಾತ್ರ ಮೂರು.

ಕ್ಯಾಚ್‌ಗೆ ಅಂಕವಿರುವ ಕಡೆ ಸ್ಲಾಟ್‌ನಲ್ಲಿ (ಅಂಚಿನಲ್ಲಲ್ಲ, ಒಳಭಾಗದಲ್ಲಿ) ನಿಂತು ಐದಾರು ಯಾರ್ಡ್‌ನ ಚಿಕ್ಕ ಚೆಂಡು ಹಿಡಿಯುವವರಿಗೆ ಬೆಲೆ. ಇಲ್ಲದ ಕಡೆ ಉದ್ದ ಎಸೆತ ಹಿಡಿಯುವವರಿಗೆ, ಎಂಡ್ ಝೋನ್ (ಟಚ್‌ಡೌನ್ ಆಗುವ, ಮೈದಾನದ ಕೊನೆಯ ಪಟ್ಟಿ) ಹತ್ತಿರ ಎತ್ತರಕ್ಕೆ ಜಿಗಿಯುವವರಿಗೆ ಬೆಲೆ. ಡ್ರಾಫ್ಟ್‌ಗೆ ಕೂರುವ ಮೊದಲು ಲೀಗ್‌ನ ಸೆಟ್ಟಿಂಗ್ಸ್ ಪುಟ ತೆರೆದು ಆ ಒಂದು ಸಾಲನ್ನು ಓದಿ. ಅರ್ಧ ಜನ ಅದನ್ನು ಓದಿರುವುದಿಲ್ಲ.

ಪ್ರಶ್ನೆ: ಡೆಟ್ರಾಯಿಟ್ ಲಯನ್ಸ್‌ನ ಅಮಾನ್-ರಾ ಸೇಂಟ್ ಬ್ರೌನ್, ಜೇಮ್ಸನ್ ವಿಲಿಯಮ್ಸ್ ಇಬ್ಬರೂ ನನ್ನ ಬಳಿ ಇದ್ದಾರೆ. ಸೇಂಟ್ ಬ್ರೌನ್ ಖಾಯಂ. ವಿಲಿಯಮ್ಸ್ ಅವರನ್ನು ಆಡಿಸಿದಾಗ ಸೊನ್ನೆ, ಕೂರಿಸಿದಾಗ 25. ಏನು ಮಾಡಲಿ? (ಸ್ಯಾನ್ ಹೋಸೆ)

ಇದು ನಿಮ್ಮ ದುರದೃಷ್ಟವಲ್ಲ, ಅವರ ಕೆಲಸವೇ ಹಾಗೆ. 2024ರಲ್ಲಿ ಸೇಂಟ್ ಬ್ರೌನ್ 115 ಕ್ಯಾಚ್‌ಗಳಲ್ಲಿ 1,263 ಯಾರ್ಡ್ ಗಳಿಸಿದರು, ಕ್ಯಾಚ್‌ಗೆ 11 ಯಾರ್ಡ್. ವಿಲಿಯಮ್ಸ್ 58 ಕ್ಯಾಚ್‌ಗಳಲ್ಲಿ 1,001, ಕ್ಯಾಚ್‌ಗೆ 17ಕ್ಕೂ ಹೆಚ್ಚು. ಮೊದಲನೆಯವರದ್ದು ವಾರವಾರವೂ ಆರೇಳು ಕ್ಯಾಚ್‌ಗಳ ಸಂಬಳ. ಎರಡನೆಯವರಿಗೆ ಪಂದ್ಯಕ್ಕೆ ನಾಲ್ಕು ಕ್ಯಾಚ್ ಸಿಕ್ಕರೆ ಹೆಚ್ಚು, ಅದರಲ್ಲಿ ಒಂದು 60 ಯಾರ್ಡ್ ದಾಟಿದರೆ ವಾರ ಗೆದ್ದಂತೆ.

ಆಡಿಸುವ ನಿರ್ಧಾರಕ್ಕೆ ಎದುರಾಳಿಯ ಪಟ್ಟಿಯನ್ನು ನೋಡಿ. ಆ ವಾರ ನೀವೇ ಬಲಶಾಲಿಯಾಗಿ ಕಂಡರೆ, ಮೂರನೇ ಸ್ಥಾನಕ್ಕೆ ಹತ್ತು-ಹನ್ನೆರಡು ಅಂಕ ಖಚಿತವಾಗಿ ತರುವವರನ್ನು ಹಾಕಿ. 15-20 ಅಂಕ ಹಿಂದಿದ್ದೀರಿ ಅನ್ನಿಸಿದರೆ ವಿಲಿಯಮ್ಸ್ ಅವರನ್ನೇ ಇಳಿಸಿ, ಏಕೆಂದರೆ ಖಚಿತ ಹತ್ತು ಅಂಕದಿಂದ ನೀವು ಹೇಗೂ ಗೆಲ್ಲುವುದಿಲ್ಲ. ಕಳೆದ ವಾರ 25 ಬಂತು ಎಂದು ಈ ವಾರ ಆಡಿಸುವುದು, ಸೊನ್ನೆ ಬಂತು ಎಂದು ಕೂರಿಸುವುದು ಮಾತ್ರ ಬೇಡ. ಒಂದೇ ಸಮಾಧಾನವೆಂದರೆ, ಛಾವಣಿ ಮುಚ್ಚಿದ ಕ್ರೀಡಾಂಗಣದಲ್ಲಿ ಆಡುವ ಡೆಟ್ರಾಯಿಟ್‌ಗೆ ತವರಿನಲ್ಲಿ ಗಾಳಿ-ಮಳೆಯ ಕಾಟವಿಲ್ಲ. ಡಿಸೆಂಬರ್‌ನಲ್ಲಿ ಬಯಲು ಕ್ರೀಡಾಂಗಣಕ್ಕೆ ಹೋದಾಗ ಗಾಳಿ ಜೋರಿದ್ದರೆ ಮೊದಲು ಕೈಬಿಟ್ಟುಹೋಗುವುದು ಉದ್ದ ಎಸೆತವೇ, ಚಿಕ್ಕ ಚೆಂಡಿಗೆ ಅಷ್ಟು ತೊಂದರೆಯಾಗದು.

ಪ್ರಶ್ನೆ: ಹೊಸದಾಗಿ ಆಡುತ್ತಿದ್ದೇನೆ. ಇಬ್ಬರೂ ಮೈದಾನದಲ್ಲಿ ಇರುತ್ತಾರೆ, ಇಬ್ಬರೂ ಓಡುತ್ತಾರೆ. ಯಾರು ಮುಖ್ಯ ಎಂದು ತಿಳಿಯಲು ಯಾವ ಅಂಕಿ ನೋಡಬೇಕು? (ಮೈಸೂರು)

ಟಚ್‌ಡೌನ್ ಸಂಖ್ಯೆಯಿಂದ ಶುರು ಮಾಡಬೇಡಿ, ಅದನ್ನು ಕೊನೆಗೆ ನೋಡಿ. ಮೇಲೆ ಹೇಳಿದ ಜಾನ್ಸನ್ ಅವರತ್ತ ಆ ವರ್ಷ 147 ಚೆಂಡು ಬಂದಿತ್ತು, ಆದರೂ ಟಚ್‌ಡೌನ್ ಒಂದೂ ಇಲ್ಲ. ಮುಂದಿನ ವರ್ಷ ಅವರೇ ಐದು ಹೊಡೆದರು.

ಮೊದಲು ನೋಡಬೇಕಾದದ್ದು ರೂಟ್ ಪಾಲ್ಗೊಳ್ಳುವಿಕೆ: ಕ್ವಾರ್ಟರ್‌ಬ್ಯಾಕ್ ಎಸೆಯಲು ಹಿಂದೆ ಸರಿದ ಪ್ರತಿ ನೂರು ಬಾರಿಯಲ್ಲಿ ಈ ರಿಸೀವರ್ ಎಷ್ಟು ಬಾರಿ ಚೆಂಡಿಗಾಗಿ ಓಡಿದರು? 80ರ ಮೇಲಿದ್ದರೆ ಪೂರ್ಣಾವಧಿ ಆಟಗಾರ. 60ರ ಆಸುಪಾಸಿನಲ್ಲಿದ್ದರೆ ಯಾವುದೋ ಜೋಡಣೆಯಲ್ಲಿ ಅವರನ್ನು ಹೊರಗೆ ಕರೆಯುತ್ತಿದ್ದಾರೆ ಎಂದರ್ಥ. ಸಾಮಾನ್ಯವಾಗಿ ಸ್ಲಾಟ್‌ಗೆ ಮಾತ್ರ ಸೀಮಿತರಾದವರಿಗೆ ಹೀಗಾಗುತ್ತದೆ, ತಂಡ ಇಬ್ಬರು (ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ) ಟೈಟ್ ಎಂಡ್‌ಗಳನ್ನು ಇಳಿಸಿದಾಗ ಮೂರನೇ ರಿಸೀವರ್ ಬೆಂಚಿಗೆ. ಸ್ನ್ಯಾಪ್ ಶೇಕಡಾವಾರು (ಎಷ್ಟು ಆಟಗಳಲ್ಲಿ ಮೈದಾನದಲ್ಲಿದ್ದರು ಎಂಬ ಲೆಕ್ಕ) ನೋಡಿ ಮೋಸಹೋಗಬೇಡಿ. ಓಟದ ಆಟದಲ್ಲಿ ಎದುರಾಳಿಯನ್ನು ತಡೆಯಲು ನಿಂತ ಸ್ನ್ಯಾಪ್‌ಗಳೂ ಅದರಲ್ಲಿ ಸೇರಿರುತ್ತವೆ, ಅವು ನಿಮಗೆ ಒಂದು ಅಂಕವನ್ನೂ ಕೊಡುವುದಿಲ್ಲ.

ಆಮೇಲೆ ಟಾರ್ಗೆಟ್ ಪಾಲು. ತಂಡದ ಎಸೆತಗಳಲ್ಲಿ ಶೇ 25 ಒಬ್ಬರತ್ತ ಬಂದರೆ ಅವರೇ ಮೊದಲಿಗರು. ಶೇ 18-20 ಒಳ್ಳೆಯ ಎರಡನೆಯವರ ಪಾಲು. ಶೇ 15ಕ್ಕಿಂತ ಕೆಳಗಿದ್ದರೆ ಉದ್ದ ಎಸೆತ ಕೂಡಿಬಂದ ದಿನ ಮಾತ್ರ ಅಂಕ. ಮೂರ್ನಾಲ್ಕು ಪಂದ್ಯ ಸೇರಿಸಿ ನೋಡಿ, ಒಂದೇ ಪಂದ್ಯದ ಅಂಕಿ ಏನೂ ಹೇಳದು. ಇವೆರಡೂ ಸಮ ಬಂದರೆ ಮಾತ್ರ 20 ಯಾರ್ಡ್ ಗೆರೆಯೊಳಗಿನ, ಅದರಲ್ಲೂ ಎಂಡ್ ಝೋನ್ ಒಳಗೇ ಎಸೆದ ಟಾರ್ಗೆಟ್ ಎಣಿಸಿ.

ಪ್ರಶ್ನೆ: ಮೊದಲ ರಿಸೀವರ್‌ಗೆ ಗಾಯವಾದರೆ ಎರಡನೆಯವರು ತಾನಾಗಿಯೇ ಮೊದಲಿಗರಾಗುತ್ತಾರಲ್ಲ? ಅದಕ್ಕಾಗಿ ಬೆಂಚಿನಲ್ಲಿ ಒಬ್ಬರನ್ನು ಇಟ್ಟುಕೊಳ್ಳಬಹುದಾ? (ಟೊರಾಂಟೊ)

ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು) ವಿಷಯದಲ್ಲಿ ಆ ಲೆಕ್ಕ ನಡೆಯುತ್ತದೆ, ಒಬ್ಬರು ಬಿದ್ದರೆ ಅವರ ಓಟಗಳಲ್ಲಿ ಬಹುಪಾಲು ಇನ್ನೊಬ್ಬರಿಗೆ. ರಿಸೀವರ್‌ಗಳಲ್ಲಿ ಎಸೆತ ಹಂಚಿಹೋಗುತ್ತದೆ. 2023ರಲ್ಲಿ ಮಿನ್ನೆಸೋಟಾದ ಜಸ್ಟಿನ್ ಜೆಫರ್ಸನ್ ತೊಡೆಸ್ನಾಯು ನೋವಿನಿಂದ ಏಳು ಪಂದ್ಯ ತಪ್ಪಿಸಿಕೊಂಡರು. ಹೊಸಬ ಜೋರ್ಡನ್ ಆಡಿಸನ್‌ಗೆ ಲಾಭವಾಯಿತು ನಿಜ, ಸ್ಯಾನ್ ಫ್ರಾನ್ಸಿಸ್ಕೊ ಎದುರು ಒಂದೇ ರಾತ್ರಿ 123 ಯಾರ್ಡ್, 2 ಟಚ್‌ಡೌನ್. ಆದರೆ ಟೈಟ್ ಎಂಡ್ ಟಿ.ಜೆ. ಹಾಕೆನ್ಸನ್ ಕೂಡ ಆ ವರ್ಷ 95 ಕ್ಯಾಚ್ ಹಿಡಿದರು. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿದು ಎಲ್ಲ ಲೆಕ್ಕವೂ ಬುಡಮೇಲಾಯಿತು.

ಮೊದಲಿಗರು ಹೊರಗುಳಿದಾಗ ಎದುರಾಳಿಯ ಅತ್ಯುತ್ತಮ ಕಾರ್ನರ್‌ಬ್ಯಾಕ್ (ರಿಸೀವರ್ ಅನ್ನು ಕಾಯುವ ರಕ್ಷಕ) ಎರಡನೆಯವರ ಮೇಲೆ ಬರುತ್ತಾರೆ, ಹಿಂದೆ ಕಾವಲಿರುವ ಸೇಫ್ಟಿಯೂ ಆ ಕಡೆ ವಾಲುತ್ತಾರೆ. ಎಸೆತ ಹೆಚ್ಚು, ಹಿಡಿಯುವುದು ಕಷ್ಟ. ಹೆಚ್ಚು ಲಾಭ ಬರುವುದು ಉಲ್ಟಾ ಸಂದರ್ಭದಲ್ಲಿ: ಎರಡನೆಯವರು ಹೊರಗಿದ್ದು, ಯಾವ ಕಾವಲಿಗೂ ಬಗ್ಗದ ಮೊದಲಿಗರು ಆಡುತ್ತಿರುವಾಗ. 2024ರ ನವೆಂಬರ್ 7ರಂದು ಹಿಗಿನ್ಸ್ ಇಲ್ಲದ ಪಂದ್ಯದಲ್ಲಿ ಚೇಸ್ ಬಾಲ್ಟಿಮೋರ್ ಎದುರು 11 ಕ್ಯಾಚ್, 264 ಯಾರ್ಡ್, 3 ಟಚ್‌ಡೌನ್ ಗಳಿಸಿದರು. ಪೂರ್ತಿ ಪಿಪಿಆರ್‌ನಲ್ಲಿ 55.4 ಅಂಕ.

ಬೆಂಚಿನಲ್ಲಿ ಇಡಲೇಬೇಕೆಂದರೆ ಈಗಲೇ ಪೂರ್ಣಾವಧಿ ಓಡುತ್ತಿರುವ ಎರಡನೆಯವರನ್ನೇ ಇಡಿ. ನಾಲ್ಕನೆಯವರನ್ನು ಕಾದುಕೂರುವುದು ಜಾಗ ಹಾಳು, ಅಂಥವರು ಗಾಯದ ಸುದ್ದಿ ಬಂದಮೇಲೂ ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರ ಪಟ್ಟಿಯಲ್ಲಿ) ಸಿಗುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಟ್ಯಾಂಪಾ ಬೇ ತಂಡದ ಮೈಕ್ ಇವಾನ್ಸ್, ಕ್ರಿಸ್ ಗಾಡ್ವಿನ್ ಇಬ್ಬರೂ ಒಂದೇ ಪಂದ್ಯದಲ್ಲಿ ಗಾಯಗೊಂಡರು. ಒಬ್ಬರಿಗೆ ಇನ್ನೊಬ್ಬರು ವಿಮೆ ಎಂದುಕೊಂಡಿದ್ದವರ ವಿಮೆಯೇ ಅಂದು ಮುಳುಗಿತು.

ಪ್ರಶ್ನೆ: ನನ್ನ ಬಳಿ ಚೇಸ್, ಎದುರಾಳಿ ಬಳಿ ಬರೋ. ಚೇಸ್ ಅಂಕ ಗಳಿಸಿದರೆ ಅವರಿಗೂ ಲಾಭ. ಕೂರಿಸಲಾ? (ಸಿಯಾಟಲ್)

ಖಂಡಿತ ಬೇಡ. 40 ಯಾರ್ಡ್‌ನ ಒಂದು ಟಚ್‌ಡೌನ್ ಎಸೆತ ಬಿಡಿಸಿ ನೋಡಿ. ಕ್ವಾರ್ಟರ್‌ಬ್ಯಾಕ್‌ಗೆ 25 ಯಾರ್ಡ್‌ಗೆ ಒಂದರಂತೆ 1.6, ಟಚ್‌ಡೌನ್‌ಗೆ 4, ಒಟ್ಟು 5.6. ರಿಸೀವರ್‌ಗೆ ಯಾರ್ಡ್‌ಗೆ 4, ಕ್ಯಾಚ್‌ಗೆ 1, ಟಚ್‌ಡೌನ್‌ಗೆ 6, ಒಟ್ಟು 11. ಪ್ರತಿ ಸಲವೂ 5.4 ನಿಮ್ಮ ಕಡೆಗೇ. ಬರೋ ಕೂಡ ನಿಮ್ಮವರೇ ಆಗಿದ್ದರೆ ಅದೇ ಎಸೆತಕ್ಕೆ 16.6 ಬರುತ್ತಿತ್ತು. ಆದರೆ ಹಿಗಿನ್ಸ್ ಅವರನ್ನೂ ಸೇರಿಸಿ ಮೂವರನ್ನು ಒಟ್ಟಿಗೆ ಆಡಿಸಿದರೆ ಬೆಂಗಲ್ಸ್ 10 ಅಂಕಕ್ಕೆ ಸುಸ್ತಾದ ದಿನ ನಿಮ್ಮ ವಾರವೂ ಮುಗಿದಂತೆ.

ಪ್ರಶ್ನೆ: ಬೆಂಗಳೂರಿನಿಂದ ಆಡುತ್ತೇನೆ. ಗಾಯದ ಸುದ್ದಿ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತೇನೆ. ದಾರಿ ಇದೆಯಾ?

ಇದೆ, ಭಾನುವಾರ ರಾತ್ರಿ ಸ್ವಲ್ಪ ಎಚ್ಚರವಿರಬೇಕು. ಭಾನುವಾರದ ಪಂದ್ಯಕ್ಕೆ ತಂಡಗಳು ಬುಧವಾರ, ಗುರುವಾರ, ಶುಕ್ರವಾರ ಅಭ್ಯಾಸದ ವರದಿ ಕೊಡುತ್ತವೆ. ಬುಧವಾರ ಗೈರಾದರೆ ಚಿಂತೆ ಬೇಡ, ಹಿರಿಯ ಆಟಗಾರರಿಗೆ ಅದು ವಿಶ್ರಾಂತಿಯೂ ಆಗಿರಬಹುದು. ಶುಕ್ರವಾರವೂ ಗೈರಾದರೆ ಬದಲಿ ಹುಡುಕಲು ಶುರುಮಾಡಿ. ಅಮೆರಿಕದ ಶುಕ್ರವಾರದ ವರದಿ ನಿಮಗೆ ಶನಿವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಸಿಗುತ್ತದೆ.

ಆಡದವರ ಅಂತಿಮ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ. ಮಧ್ಯಾಹ್ನ 1ರ ಪಂದ್ಯ ಇಲ್ಲಿ ರಾತ್ರಿ 10.30ಕ್ಕೆ ಶುರು, ಹಾಗಾಗಿ ಪಟ್ಟಿ 9ಕ್ಕೆ. ನವೆಂಬರ್‌ನ ಮೊದಲ ಭಾನುವಾರದಿಂದ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಪಂದ್ಯ 11.30ಕ್ಕೆ, ಪಟ್ಟಿ 10ಕ್ಕೆ. ಅನುಮಾನವಿರುವ ರಿಸೀವರ್ 4.25ರ ಪಂದ್ಯದಲ್ಲಿದ್ದರೆ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಏಳಲಾಗದಿದ್ದರೆ ಅವರನ್ನು ಆಡಿಸಬೇಡಿ, ಮೊದಲ ಸರದಿಯ ಪಂದ್ಯದ ಆರೋಗ್ಯವಂತ ಆಟಗಾರರೇ ವಾಸಿ.

ಗುರುವಾರ ರಾತ್ರಿ ಆಡುವವರನ್ನು ರಿಸೀವರ್ ಸ್ಥಾನದಲ್ಲೇ ಇಡಿ, ಫ್ಲೆಕ್ಸ್‌ನಲ್ಲಿ ಇಡಬೇಡಿ. ಆ ಪಂದ್ಯ ನಿಮಗೆ ಶುಕ್ರವಾರ ಬೆಳಿಗ್ಗೆ 5.45ಕ್ಕೇ (ಅಲ್ಲಿನ ಗಡಿಯಾರ ಹಿಂದೆ ಹೋದಮೇಲೆ 6.45ಕ್ಕೆ) ಶುರುವಾಗಿ ಸ್ಥಾನಕ್ಕೆ ಬೀಗ ಬೀಳುತ್ತದೆ. ಫ್ಲೆಕ್ಸ್ ಖಾಲಿ ಉಳಿದಿದ್ದರೆ ಭಾನುವಾರ ರಾತ್ರಿ ಅಲ್ಲಿಗೆ ರನ್ನಿಂಗ್ ಬ್ಯಾಕ್ ಅಥವಾ ಟೈಟ್ ಎಂಡ್ ಅನ್ನೂ ತರಬಹುದು. ಇನ್ನೊಂದು ಮಾತು: ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅಮೆರಿಕದ ಗೆಳೆಯರು ಡಾಲರ್ ಪಣದ ಲೀಗ್‌ಗೆ ಕರೆದರೆ, ಉಚಿತ ಲೀಗ್ ಇದ್ದರೆ ಮಾತ್ರ ಬರುತ್ತೇನೆ ಎನ್ನಿ.