ಅರೇಬಿಕ್ ಹೆಸರುಗಳಿರುವ ಆಕ್ಸೆಸ್ 97 ಫೈಲನ್ನು ಹೊಸ ಮೈಕ್ರೋಸಾಫ್ಟ್ ಆಫೀಸಿಗೆ ಒಯ್ಯುವುದು ಹೇಗೆ?

ಕುವೈತಿನ ಅಂಗಡಿಯ ಆಕ್ಸೆಸ್ 97 (ಮೈಕ್ರೋಸಾಫ್ಟಿನ ಹಳೇ ಡೇಟಾಬೇಸ್ ಪ್ರೋಗ್ರಾಂ) ಬಿಲ್ಲಿಂಗ್ ಫೈಲು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ, ಗೆಳೆಯರ ಹಳೇ ಕಂಪ್ಯೂಟರಿನಲ್ಲಿ ಕನ್ವರ್ಟ್ ಮಾಡಿಸಿದರೆ ಗಿರಾಕಿಗಳ ಅರೇಬಿಕ್ ಹೆಸರೆಲ್ಲ ಕೆಟ್ಟಿವೆ ಅಂದಿದ್ದೀರಿ. ಶಾರ್ಜಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಇದೇ ಕೆಲಸ ಮಾಡಲು ಹೋಗಿ ನಾನೂ ಎರಡು ರಜಾದಿನ ಕಳೆದುಕೊಂಡಿದ್ದೇನೆ.

ಹೆಸರು ಹೇಗೆ ಕೆಟ್ಟಿದೆ ಅಂತ ಮೊದಲು ನೋಡಿ. ತಲೆ ಮೇಲೆ ಚುಕ್ಕೆ, ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದರೆ ಗಾಬರಿ ಬೇಡ, ಮಾಹಿತಿ ಇನ್ನೂ ಉಳಿದಿದೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಆ ಫಾಂಟ್ ಇಲ್ಲದ ಕಡೆ ಕಾಣುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಆ ಪ್ರತಿಯನ್ನು ಬಿಟ್ಟುಬಿಡಿ, ಅದರಲ್ಲಿ ಹೆಸರೇ ಇಲ್ಲ. ಮೂಲ ಫೈಲಿನಿಂದಲೇ ಮತ್ತೆ ಶುರು ಮಾಡಬೇಕು.

ಆಕ್ಸೆಸ್ 97ಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಅರೇಬಿಕ್ಕನ್ನು ಕೋಡ್‌ಪೇಜ್ 1256 ಅನ್ನುವ ವಿಂಡೋಸಿನ ಹಳೇ ಅರೇಬಿಕ್ ಅಕ್ಷರಪಟ್ಟಿಯ ಲೆಕ್ಕದಲ್ಲಿ ಇಡುತ್ತದೆ. ಆಕ್ಸೆಸ್ 2000ದಿಂದ ಈಚೆಗೆ ಯುನಿಕೋಡ್. ಹಾಗಾಗಿ ಕನ್ವರ್ಟ್ ಆಗುವ ಆ ಒಂದು ಗಳಿಗೆಯಲ್ಲೇ ಎಲ್ಲ ನಿರ್ಧಾರವಾಗುತ್ತದೆ. 97ರಲ್ಲೇ ಫೈಲಿನ ಸಾರ್ಟ್ ಆರ್ಡರ್ (ಯಾವ ಭಾಷೆಯ ಕ್ರಮದಲ್ಲಿ ಜೋಡಿಸಬೇಕು ಅನ್ನುವ ಸೆಟ್ಟಿಂಗ್) ಅರೇಬಿಕ್‌ಗೆ ಹಾಕಿ ಕಾಂಪ್ಯಾಕ್ಟ್ ಮಾಡಿ. ಕನ್ವರ್ಟ್ ಮಾಡುವ ಕಂಪ್ಯೂಟರಿನ ಸಿಸ್ಟಂ ಲೊಕೇಲನ್ನೂ (ಯುನಿಕೋಡ್ ಅರಿಯದ ಪ್ರೋಗ್ರಾಂಗಳಿಗೆ ವಿಂಡೋಸ್ ಬಳಸುವ ಭಾಷೆ) ಅರೇಬಿಕ್‌ಗೆ ಬದಲಿಸಿ ರೀಸ್ಟಾರ್ಟ್ ಮಾಡಿ. ಅಲ್ಲೇ ಕೆಳಗೆ ಯುಟಿಎಫ್-8 ಬೀಟಾ ಅಂತ ಒಂದು ಚೌಕ ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಆಕ್ಸೆಸ್ 2013 ಮತ್ತು ನಂತರದವು 97ರ ಫೈಲನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ನಡುವೆ 2003 ಅಥವಾ 2010 ಇರುವ ಕಂಪ್ಯೂಟರ್ ಹುಡುಕಲೇಬೇಕು. ಹತ್ತು ಹೆಸರು ಕಣ್ಣಾರೆ ನೋಡಿ ಸರಿ ಅನ್ನಿಸಿದ ಮೇಲೇ ಎಸಿಸಿಡಿಬಿಗೆ, ಅಂದರೆ ಆಕ್ಸೆಸಿನ ಹೊಸ ಫೈಲ್ ರೂಪಕ್ಕೆ, ಸೇವ್ ಮಾಡಿ (2003ಕ್ಕೆ ಈ ರೂಪ ಬರುವುದಿಲ್ಲ, ಅದನ್ನು ಹೊಸ ಆಕ್ಸೆಸಿನಲ್ಲಿ ಮಾಡಿ). ಯೂಸರ್-ಲೆವೆಲ್ ಸೆಕ್ಯೂರಿಟಿ (ಒಬ್ಬೊಬ್ಬ ಬಳಕೆದಾರನಿಗೆ ಬೇರೆ ಬೇರೆ ಅನುಮತಿ) ಹಾಕಿದ್ದರೆ ಅದು ಎಸಿಸಿಡಿಬಿಗೆ ಬರುವುದಿಲ್ಲ. ಹೊಸ ಆಫೀಸ್ 64-ಬಿಟ್ ಆದರೆ ಫೈಲಿನೊಳಗಿನ ಕೋಡಿನಲ್ಲಿ ವಿಂಡೋಸಿನ ಫಂಕ್ಷನ್‌ಗಳನ್ನು ಕರೆಯಲು ಬರೆದ ಡಿಕ್ಲೇರ್ (Declare) ಸಾಲುಗಳಿಗೆಲ್ಲ ಪಿಟಿಆರ್‌ಸೇಫ್ (PtrSafe) ಅನ್ನುವ ಪದ ಸೇರಿಸಬೇಕು. ಬೇಸರದ ಕೆಲಸ, ಕಷ್ಟದ್ದಲ್ಲ.

ಇನ್ನು ಅರೇಬಿಕ್ಕಿಗೆ ಬೇಕಾದ ಬಲದಿಂದ ಎಡಕ್ಕೆ ಓಡುವ ಜೋಡಣೆ. ಆಪ್ಷನ್ಸ್‌ನಲ್ಲಿ ಡಿಫಾಲ್ಟ್ ಡೈರೆಕ್ಷನ್ ಬದಲಿಸಿದರೆ ಆಯಿತು ಅಂದುಕೊಂಡು ನಾನು ಮೋಸ ಹೋದೆ. ಅದು ಮುಂದೆ ಮಾಡುವ ಫಾರ್ಮುಗಳಿಗೆ ಮಾತ್ರ. ಹಳೆಯವಕ್ಕೆ ಒಂದೊಂದಾಗಿ ಓರಿಯೆಂಟೇಶನ್, ಟೆಕ್ಸ್ಟ್‌ಬಾಕ್ಸುಗಳಿಗೆ ರೀಡಿಂಗ್ ಆರ್ಡರ್ ಹಾಕಬೇಕು. ಎಲ್ಲದಕ್ಕೂ ಕಣ್ಣುಮುಚ್ಚಿ ಬಲ-ಎಡ ಹಾಕಿಬಿಡಬೇಡಿ. ಪಾರ್ಟ್ ನಂಬರಿನ ಖಾನೆ ಎಡದಿಂದಲೇ ಓಡಲಿ.

ನನಗೆ ನಿಜವಾಗಿ ತಲೆ ಕೆಡಿಸಿದ್ದು ಬಿಲ್ಲು. ಅದರಲ್ಲಿ ವಸ್ತುವಿನ ಅರೇಬಿಕ್ ಹೆಸರು, ಪಕ್ಕದಲ್ಲೇ ಪಾರ್ಟ್ ನಂಬರು, ಎರಡೂ ಒಂದೇ ಸಾಲಿನಲ್ಲಿ ಜೋಡಿಸಿದ್ದು. ಟೇಬಲಿನಲ್ಲಿ 04465-60280 ಇದ್ದದ್ದು ಕಾಗದದ ಮೇಲೆ 60280-04465 ಆಗಿ ಬಂತು. ಗೋಡೌನಿನ ಹುಡುಗ ಅರ್ಧ ದಿನ ಹುಡುಕಿದ, ಪಾಪ. ಅರೇಬಿಕ್ ಅಕ್ಷರದ ಹಿಂದೆಯೇ ಬರುವ ಅಂಕಿಗಳ ನಡುವೆ ಹೈಫನ್ ಇದ್ದರೆ ಯುನಿಕೋಡ್ ನಿಯಮದಂತೆ ಎರಡು ತುಂಡುಗಳು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಡೇಟಾ ಮಾತ್ರ ಸರಿಯಾಗೇ ಇರುತ್ತದೆ. ನಂಬರಿನ ಹಿಂದೆ ಮುಂದೆ 8206ನೇ ಯುನಿಕೋಡ್ ಅಕ್ಷರ ಸೇರಿಸಿದೆ. ಕಣ್ಣಿಗೆ ಕಾಣದ ಅಕ್ಷರ, ಸಾಲು ನೆಟ್ಟಗಾಯಿತು. ರಿಪೋರ್ಟಿನಲ್ಲಿ ಮಾತ್ರ ಸೇರಿಸಿ, ಟೇಬಲಿನೊಳಗೆ ಬೇಡ; ಅಲ್ಲಿ ಹೋದರೆ ಆಮೇಲೆ ಆ ನಂಬರು ಹುಡುಕಿದರೆ ಸಿಗುವುದಿಲ್ಲ.

ಕೋಡಿನಲ್ಲಿ ನೇರವಾಗಿ ಅರೇಬಿಕ್ ಸಂದೇಶ ಬರೆದಿದ್ದರೆ ಅವನ್ನು ಒಂದು ಟೇಬಲಿಗೆ ಎತ್ತಿಡಿ. ಆ ಕೋಡ್ ಬರೆಯುವ ವಿಬಿಎ ಎಡಿಟರಿಗೆ ಇವತ್ತಿಗೂ ಯುನಿಕೋಡ್ ಬರುವುದಿಲ್ಲ. ಮೆಸೇಜ್ ಬಾಕ್ಸಿನ ಬದಲು ಸಣ್ಣದೊಂದು ಫಾರ್ಮ್ ಮಾಡಿ ಅದರ ಲೇಬಲಿನಲ್ಲಿ ತೋರಿಸಿ.

ಈಗ ನಿಮ್ಮ ಹತ್ತಿರ ಇರುವುದು ಗೀರಿನ ಅಕ್ಷರಗಳೋ, ಪ್ರಶ್ನಾರ್ಥಕವೋ? ಮೂಲ 97 ಫೈಲು ಇನ್ನೂ ಇದೆಯೇ? ತಿಳಿಸಿ.